ಒಂಬತ್ತನೆಯ ಕಾಲಂ

ಶಹಾಬಾದಿನಲ್ಲಿ ನೆರಳೂ ಫರಸಿಯದೇ.
ಗೋಡೆ ಫರಸಿ, ಮಾಡು ಫರಸಿ, ಗಟಾರದ ಮುಚ್ಚಳ ಫರಸಿ,
ಕೂತು ಫಾರಂ ತುಂಬಲು ಸಿಕ್ಕ ಕಟ್ಟೆಯೂ ಫರಸಿ,
ಹನ್ನೊಂದಕ್ಕೇ ತವೆಯ ಹಾಗೆ ಕಾದದ್ದು.
ಗಣತಿಗೆ ಬಂದ ಕನ್ನಡ ಶಾಲೆಯ ಟೀಚರು ನಾನು.
ಎಂಟನೆಯ ಕಾಲಂ ಜಾತಿ. ಒಂಬತ್ತನೆಯದು ಧರ್ಮ.
ಈ ಕ್ರಮ ಹಾಕಿದವರು ಊರು ಬಲ್ಲವರೇ ಇರಬೇಕು.

ವೆಂಕೋಬರಾವ್ ಅಫಜಲಪುರಕರ, ನಿವೃತ್ತ ಸಂಸ್ಕೃತ ಮಾಸ್ತರರು,
ಫ್ಯಾನು ನನ್ನ ಕಡೆ ತಿರುಗಿಸಿ, ಮಡಕೆಯ ನೀರು ಕೊಟ್ಟು
‘ಬರೀರಿ, ನಾಸ್ತಿಕ’ ಅಂದರು.
ಒಳಗೆ ಹೆಂಡತಿ ಗಂಟೆ ಬಾರಿಸುತ್ತಿದ್ದರು.
‘ಅದು ಆಕೀ ಇಲಾಖೆ’ ಎಂದು ನಕ್ಕರು.
ಆಮೇಲೆ ಪಾಠ. ಮೂವತ್ತು ವರ್ಷದ ಚಟ, ಬಿಡುವುದುಂಟೆ?
‘ನಾಸ್ತಿಕ ಅಂದ್ರ ದೇವರಿಲ್ಲ ಅಂದಾವ ಅಲ್ಲ ತಂಗಿ,
ವೇದ ಒಪ್ಪದಾವ.
ದೇವರ ಗೊಡವಿ ಇಲ್ಲದ ಮೀಮಾಂಸಕ ಆಸ್ತಿಕ, ಗೊತ್ತದ ಏನು?
ಯಜ್ಞದ ಹೊಗಿಗೆ ಕೆಮ್ಮಿದ ಲೋಕಾಯತರೂ ನಮ್ಮವರೇ.
ಇಲ್ಲ ಅನ್ನಾವ್ಗೂ ಇಲ್ಲಿ ಒಂದು ಮಣಿ ಹಾಕೀವಿ.
ಬ್ಯಾರೆ ಯಾರ ಮನ್ಯಾಗ ಅದ ಇಂಥಾ ಔದಾರ್ಯ?’

ತೆಳು ಅಂಗಿಯೊಳಗೆ ಜನಿವಾರ ಬೆವರಿಗೆ ಅಂಟಿ
ಬರೆದದ್ದಕ್ಕೆ ಎಳೆದ ಅಡ್ಡಗೆರೆಯಂತೆ ಕಾಣುತ್ತಿತ್ತು.
‘ಹಂಗಾದ್ರ ಧರ್ಮಕ್ಕ ಇಲ್ಲ ಅಂತ ಬರೀಲಾ ಸರ್?’
‘ಛೇ ಛೇ. ಹಿಂದೂ ಬರೀರಿ. ಮುಂದ ಕಂಸಿನಾಗ ನಾಸ್ತಿಕ.’
ಎಂಟನೆಯದನ್ನು ನಾನು ಕೇಳಲೇ ಇಲ್ಲ,
ಗೋತ್ರ ಸಮೇತ ಅವರೇ ಹೇಳಿದರು.
ಖರೇ ಹೇಳುತ್ತೇನೆ, ಆ ನೀರು ತಂಪಿತ್ತು. ಆ ಮಾತೂ.

ಹಳಿ ದಾಟಿದರೆ ಪಾಲಿಶ್ ಯಂತ್ರಗಳ ಓಣಿ.
ಮೊಣಕಾಲಿನವರೆಗೆ ಬಿಳಿ ಕೆಸರು.
ದೇವಿಂದ್ರಮ್ಮನ ಹಣೆಯ ತುಂಬ ಬಿಳಿ.
ವಿಭೂತಿ ಅಂದುಕೊಂಡೆ ಒಂದು ಗಳಿಗೆ. ಕಲ್ಲಿನ ಹುಡಿ.
ಯಂತ್ರದ ಬಾಡಿಗೆ ಗಂಟೆಯ ಲೆಕ್ಕ, ಆಕೆ ನಿಲ್ಲಿಸಲಿಲ್ಲ,
ಕೂಗಿಯೇ ಕೇಳಿದೆ: ‘ದೇವರನ್ನ ನಂಬ್ತೀರೇನು?’
ಫಾರಂನಲ್ಲಿಲ್ಲದ ಪ್ರಶ್ನೆ,
ಮಾಸ್ತರರ ಮನೆಯಿಂದ ಸೆರಗಿಗೆ ಹತ್ತಿಕೊಂಡು ಬಂದದ್ದು.
ಆಗ ನಿಲ್ಲಿಸಿದಳು.

‘ಹೆಸರಿನ್ಯಾಗ ಅದಾನಲ್ಲ, ಸಾಲ್ದೇನು?
ಈ ಫರಸಿ ನೋಡು. ಹೋದ್ವರ್ಷ ಇಂಥಾವೇ ನಾನೂರು
ಹೊಸ ಗುಡಿಗಿ ಹೋದ್ವು.
ಅವುಗಳ ಮ್ಯಾಲೇ ಕುಂತು ಬುತ್ತಿ ಉಂಡೀನಿ.
ಸಣ್ಣ ಮೊಮ್ಮಗ ಉಚ್ಚಿ ಹೊಯ್ದಾನ, ತೊಳದು ಪಾಲಿಶ್ ಹೊಡದೀನಿ.
ಹಾಸಿದ ಮ್ಯಾಲ ಹ್ಯಾಂಗ ಕಾಣ್ತಾವ ನೋಡ್ಲಾಕ ಹೋದ್ರ
“ಅಲ್ಲೇ ನಿಂದ್ರಬೇ, ನೆಲ ಮೈಲಿಗಿ ಆಗ್ತದ” ಅಂದ ಪೂಜಾರಿ.
ಅದಾನ ಅನ್ಲೋ, ಇಲ್ಲ ಅನ್ಲೋ,
ಒಳಗ ಹೋಗಿ ನೋಡಿದ್ರ ತಾನೇ ಹೇಳ್ಲಾಕ?’

ಮಾಸ್ತರರ ಪಾಠ ಕಿವಿಯಲ್ಲೇ ಇತ್ತು.
ವೇದ ಒಪ್ಪದವನು.
ಒಪ್ಪದಿರಲು ಮೊದಲು ಯಾರಾದರೂ ಅದನ್ನು ಕೈಗೆ ಕೊಡಬೇಕು.
ಹೊಸ್ತಿಲಾಚೆ ನಿಲ್ಲಿಸಿದವರು ಯಾವ ಪುಸ್ತಕ ಮುಚ್ಚಿಡಬೇಕು?
ಇಲ್ಲ ಅನ್ನುವುದಕ್ಕೂ ಮಡಿ ಬೇಕೇನೋ.
ಮಣೆ ಇದ್ದವನ ಹಸಿವಿಗಷ್ಟೇ ಉಪವಾಸವೆಂದು ಹೆಸರು.

‘ಒಂಬತ್ತಕ್ಕ ಏನ್ ಬರೀಲಿ?’
‘ಹಿಂದೂ ಬರಿ’ ಅಂದಳು, ತಡವರಿಸದೆ.
‘ಇಲ್ಲ ಅಂತ ಬರದ್ರ ಮೊಮ್ಮಗಳ ಸರ್ಟಿಫಿಕೇಟ್ ಏನಾಗ್ತದೋ ಯಾರು ಬಲ್ಲರು.
ಆಕೀ ನರ್ಸಿಂಗ್ ಓದ್ಲಿ.
ಆಮ್ಯಾಲ ಬೇಕಾದ್ರ ಆಕೀನೇ ಕಾಟು ಹಾಕ್ತಾಳ.’
‘ಆಯಿ, ಬೌದ್ಧ ಅಂತ ಬರಸು!’
ಪಕ್ಕದ ಯಂತ್ರದಿಂದ ಹುಡುಗನೊಬ್ಬ ಕೂಗಿದ.
‘ನಿಂದು ನೀ ಬರಸ್ಕೋ ಹೋಗು’ ಅಂದು ಸ್ವಿಚ್ಚು ಒತ್ತಿದಳು.
ಮುಂದಿನ ಮಾತೇನಿದ್ದರೂ ಕೇಳಿಸಲಿಲ್ಲ.

ರಾತ್ರಿ, ನನ್ನ ಮನೆಯ ಹಾಳೆ.
ಅವ್ವನ ಬೆಳ್ಳಿ ಕರಡಿಗೆ ಟ್ರಂಕಿನಲ್ಲಿ, ನುಸಿಗುಳಿಗೆಯ ಪಕ್ಕ.
ಕೊರಳಿಗೆ ಹಾಕದೆ ಹನ್ನೆರಡು ವರ್ಷ.
ಬೀಗರು ಬಂದ ದಿನ ಮಾತ್ರ ಹಣೆಗೆ ಮೂರು ಬೆರಳು.
ಇದನ್ನು ಏನೆಂದು ಕರೆಯುತ್ತಾರೆಂದು ಮಾಸ್ತರರನ್ನು ಕೇಳಬೇಕಿತ್ತು.
ಎಂಟನೆಯದನ್ನು ಪೆನ್ನು ತಾನೇ ತುಂಬಿತು, ನನ್ನನ್ನು ಕೇಳದೆ.
ಒಂಬತ್ತರ ಎದುರು ಊರಿದಲ್ಲೇ ನಿಂತು
ಚುಕ್ಕೆ ಅಗಲವಾಯಿತು.
‘ಇನ್ನೂ ಮುಗೀಲಿಲ್ಲೇನು?’ ಒಳಗಿಂದ ಗಂಡ.
ನಾಳೆ ಹತ್ತಕ್ಕೆ ತಹಶೀಲಿಗೆ ಒಪ್ಪಿಸಬೇಕು.

ಹನ್ನೊಂದಾದರೂ ಅಂಗಳದ ಫರಸಿ ಬಿಸಿ ಬಿಟ್ಟಿರಲಿಲ್ಲ.
ಒಂದು ಕೊಡ ನೀರು ಸುರಿದೆ. ಕುಡಿಯಿತು.
ಇನ್ನೊಂದು ತರಲು ಎದ್ದೆ.